ಏಕನಾಥನ ಮೈಮೇಲಿನ ಮಹಾಬಳೇಶ್ವರ

ಆ ಬೆಳಿಗ್ಗೆ ಏಕನಾಥ ಗೋಡೆಯಾಚೆಗಿನ ತ್ರ್ಯಂಬಕರಾಯರನ್ನು ಒಂದು ಮಾತು ಕೇಳದೆ ಇದ್ದಿದ್ದರೆ ಎಲ್ಲವೂ ಸುಸೂತ್ರವಾಗಿ ನಡೆದುಹೋಗುತ್ತಿತ್ತು. ಹಿತ್ತಲಲ್ಲಿ ಹಲ್ಲುಜ್ಜುತ್ತ ನಿಂತವನು ಬಾಯಿ ಮುಕ್ಕಳಿಸಿ ಒಳಗೆ ಹೋಗಬೇಕಾಗಿತ್ತು. ಹೋಗಲಿಲ್ಲ.

"ಕಾಕಾ, ಮಹಾಬಳೇಶ್ವರದಾಗ ಥಂಡಿ ಭಾಳ ಇರತದೇನ್ರಿ?" ಎಂದು ಕೇಳಿದ.

ತ್ರ್ಯಂಬಕರಾಯರು ಪೆನ್ಶನ್ ಪಡೆದ ಶಿರಸ್ತೇದಾರರು. ಹಿಂದೊಮ್ಮೆ ಯಾವನೋ ಸಾಹೇಬನ ಜೊತೆ ಸಿಮ್ಲಾಕ್ಕೆ ಹೋಗಿ ಬಂದಿದ್ದರು. ಅಂದಿನಿಂದ ಧಾರವಾಡದ ಹೊಸಯಲ್ಲಾಪುರದಲ್ಲಿ ಥಂಡಿಯ ವಿಷಯ ಮಾತಾಡುವ ಹಕ್ಕು ಅವರೊಬ್ಬರದೇ ಆಗಿತ್ತು.

"ಗುಡ್ಡದ ಥಂಡಿ ಅಂದ್ರ ಏನಂತ ತಿಳದೀಯೋ ಏಕನಾಥಾ. ಎಲುಬಿನ್ಯಾಗ ಹೋಗಿ ಕೂಡತದ. ತಡಿ, ನನ್ನ ಓವರಕೋಟು ಕೊಡತೇನಿ."

ಏಕನಾಥ ಜಿಲ್ಲಾ ಲೋಕಲ್ ಬೋರ್ಡಿನ ಕಚೇರಿಯಲ್ಲಿ ಕಾರಕೂನ. 'ಬ್ಯಾಡ' ಎಂಬ ಶಬ್ದ ಅವನ ಗಂಟಲವರೆಗೆ ಬಂದು ಅಲ್ಲಿಯೇ ಕರಗಿಹೋಗುತ್ತಿತ್ತು. ಓವರಕೋಟು ಗೋಡೆ ದಾಟಿ ಈಚೆ ಬಂತು. ತ್ರ್ಯಂಬಕರಾಯರು ಆರಡಿ ಆಳು, ಏಕನಾಥ ಐದಡಿಗೂ ಸ್ವಲ್ಪ ಮೇಲೆ. ತೊಟ್ಟು ನೋಡಿದಾಗ ಕೋಟು ನೆಲ ಗುಡಿಸಿತು.

ಈ ಪ್ರವಾಸ ಚೈನಿಗಾಗಿ ಹೊರಟದ್ದಲ್ಲ. ಐದು ವರ್ಷದ ಮಗಳು ಲಚ್ಚಿಗೆ ಚಳಿಗಾಲವೆಲ್ಲ ನಾಯಿಕೆಮ್ಮು ಕಾಡಿತ್ತು. ಗುಡ್ಡದ ಹವೆ ಹತ್ತಿದರೆ ಮೈ ಹಿಡಿದೀತೆಂದು ವೈದ್ಯರು ಹೇಳಿದ್ದರು. ಮಹಾಬಳೇಶ್ವರದಲ್ಲಿ ತನ್ನ ಅಕ್ಕನ ಮನೆ ಇದ್ದದ್ದು ಏಕನಾಥನ ಹೆಂಡತಿ ತಾರಾಬಾಯಿಗೆ ಧೈರ್ಯ ಕೊಟ್ಟಿತ್ತು. ಕಚೇರಿಯಲ್ಲಿ ಕಾಡಿ ಬೇಡಿ ರಜೆ ಸಿಕ್ಕಿತ್ತು. ಇವತ್ತಿನ ಗಾಡಿ ತಪ್ಪಿದರೆ ಮಳೆಗಾಲ ಬಂದು ಕೂತುಬಿಡುತ್ತದೆ, ಈ ವರ್ಷ ಮತ್ತೆ ಹೋಗುವ ಮಾತಿಲ್ಲ.

ತಾರಾಬಾಯಿಯ ತಯಾರಿ ನೋಡಬೇಕಾಗಿತ್ತು. ಹಳೆಯ ಕಂಬಳಿಯೊಂದನ್ನು ಕತ್ತರಿಸಿ ಎರಡೂ ಮಕ್ಕಳಿಗೆ ತೋಳಿಲ್ಲದ ಬಂಡಿ ಹೊಲಿದಿದ್ದಳು. ಕಂಬಳಿ ಚುಚ್ಚಬಾರದೆಂದು ಒಳಗೆ ಏಕನಾಥನ ಸವೆದ ಧೋತರದ ಅಸ್ತರು. ಕೆಳಗೊಂದು ಫ್ಲಾನಲ್ ಅಂಗಿ, ಅದರ ಕೆಳಗೊಂದು ತೆಳು ಅಂಗಿ. ಎಲ್ಲಕ್ಕೂ ಕಂದು ಬಣ್ಣ ಹಾಕಿದ್ದಳು, ಅಲ್ಲಿಯ ಕೆಮ್ಮಣ್ಣು ಹತ್ತಿದರೂ ಕಾಣದಿರಲೆಂದು. ಲಚ್ಚಿ ಏರಿನಲ್ಲಿ ತೊಡರಿ ಬೀಳದಂತೆ ಪರಕರವನ್ನು ಗಿಡ್ಡ ಮಾಡಿ, ಒಳಗೆ ಅಣ್ಣನ ಉದ್ದ ಚೊಣ್ಣ ತೊಡಿಸಿದ್ದಳು. ಎಂಟು ವರ್ಷದ ಬಾಳ್ಯಾನ ಚಪ್ಪಲಿಗೆ ಹಿಂದೊಂದು ಪಟ್ಟಿ ಹೊಲಿಸಿದ್ದಳು, ಇಳಿಜಾರಿನಲ್ಲಿ ಜಾರದಿರಲೆಂದು. ಇಷ್ಟೆಲ್ಲ ಒಂದೇ ಟ್ರಂಕಿನಲ್ಲಿ ಕೂತು ಮೇಲೆ ಚಕ್ಕುಲಿಯ ಡಬ್ಬಿಗೂ ಜಾಗ ಉಳಿದಿತ್ತು.

"ಬಿಸಲು ಬಂದ್ರ ಒಂದು ತಗದರಾತು, ಗಾಳಿ ಬಿಟ್ಟರ ಒಂದು ಹಾಕಿದರಾತು," ಎಂದಳು ಅವಳು. ಓವರಕೋಟು ಕಂಡು, "ಇದ್ಯಾರದ್ರಿ?" ಎಂದಳು.

"ಕಾಕಾ ಪ್ರೀತಿಲೆ ಕೊಟ್ಟರು."

ಅಷ್ಟರಲ್ಲಿ ಸುದ್ದಿ ಓಣಿಯ ತುದಿ ಮುಟ್ಟಿತ್ತು. ಎದುರು ಮನೆಯ ಗೋದಾಬಾಯಿ ಎರಡು ಉಣ್ಣೆಯ ಮಫ್ಲರು, ಕಿವಿಗವಸಿನ ಟೊಪ್ಪಿಗೆ ಹಿಡಿದು ಬಂದಳು.

"ಕಿವ್ಯಾಗ ಗಾಳಿ ಹೊಕ್ಕರ ಮುಗೀತು, ಏಕನಾಥ. ನಮ್ಮ ಮಾವನವರು ಹಂಗ ಕಿವುಡ ಆದ್ರು."

"ಅವರು ಗುಡ್ಡಕ್ಕ ಹೋಗಿದ್ರೇನ್ರಿ ಗೋದಕ್ಕ?"

"ಇಲ್ಲೇ ಕಟ್ಟೀಮ್ಯಾಲ ಕೂತಿದ್ರು. ಇಲ್ಲೇ ಹಂಗಾದ್ರ ಅಲ್ಲಿ ಹ್ಯಾಂಗ ಆಗಬೇಕು, ನೀನ ವಿಚಾರ ಮಾಡು."

ಊಟದ ಹೊತ್ತಿಗೆ ಕಚೇರಿಯ ಗೆಳೆಯ ಶಿದ್ದಪ್ಪ ಬಂದ. ಅವನ ಅಣ್ಣ ಲಷ್ಕರದಲ್ಲಿದ್ದವನು. ಅಣ್ಣನ ದಪ್ಪ ಸ್ವೆಟರು, ಮೊಣಕಾಲು ಮುಟ್ಟುವ ಕಾಲುಚೀಲ, ಮೊಳೆ ಬಡಿದ ಬೂಟು ಎಲ್ಲವನ್ನೂ ತಂದಿದ್ದ. "ನಾ ಸಂಜೀಕ ಕಳಸಾಕ ಬರತೇನಿ. ಹಾಕ್ಕೊಂಡಿರ್ರಿ, ಕಣ್ಣತುಂಬ ನೋಡತೇನಿ," ಎಂದ.

ಏಕನಾಥ ಎಲ್ಲವನ್ನೂ ಟ್ರಂಕಿನಲ್ಲಿ ತುರುಕಿದ. ಮುಚ್ಚಳ ಹಸಿದ ಮೊಸಳೆಯಂತೆ ಬಾಯಿ ತೆರೆದೇ ಉಳಿಯಿತು. ಬಾಳ್ಯಾ ಮೇಲೆ ಹತ್ತಿ ಕುಣಿದ. ಒಳಗೆ ಚಕ್ಕುಲಿ ಮುರಿದ ಸಪ್ಪಳ ಕೇಳಿತೇ ಹೊರತು ಕೊಂಡಿ ಹತ್ತಲಿಲ್ಲ. ತಾರಾಬಾಯಿ ಬಂದು ಪರರ ವಸ್ತ್ರಗಳನ್ನೆಲ್ಲ ಹೊರಗೆ ತೆಗೆದು ಅವನ ಮುಂದಿಟ್ಟಳು.

"ನೀವು ಇಸಗೊಂಡೀರಿ, ನೀವ ಹೊರ್ರಿ. ನನ್ನ ಮಕ್ಕಳ ಮೈಮ್ಯಾಲ ಒಂದು ಎಳಿ ಹೆಚ್ಚಿಗಿ ಹಾಕಗೊಡೂದಿಲ್ಲ."

ಸಂಜೆ ಓಣಿಯೆಲ್ಲ ಬೀಳ್ಕೊಡಲು ನೆರೆಯಿತು. ಕೊಟ್ಟವರೆಲ್ಲ ತಮ್ಮ ತಮ್ಮ ವಸ್ತು ಏಕನಾಥನ ಮೈಮೇಲಿದೆಯೋ ಇಲ್ಲವೋ ಎಂದು ಕಣ್ಣಾಡಿಸಿದರು. ಎಲ್ಲವೂ ಇತ್ತು. ಸ್ವೆಟರು, ಅದರ ಮೇಲೆ ತನ್ನ ಕೋಟು, ಅದರ ಮೇಲೆ ಓವರಕೋಟು, ಕೊರಳಿಗೆ ಎರಡು ಮಫ್ಲರು, ಕಿವಿಗೆ ಟೊಪ್ಪಿಗೆ, ಕಾಲಿಗೆ ಕಾಲುಚೀಲ, ಬೂಟು. ಮೇ ತಿಂಗಳ ಧಗೆಯಲ್ಲಿ ಅವನು ಹುಬ್ಬಳ್ಳಿಯ ಗಿರಣಿಗೆ ಹೊರಟ ಅರಳೆಯ ಅಂಡಿಗೆಯಂತೆ ಟಾಂಗಾ ಏರಿದ.

"ರಾಯರ, ಸ್ವಲ್ಪ ಮುಂದಕ್ಕ ಸರೀರಿ," ಎಂದ ಟಾಂಗಾದ ಮಕಬೂಲಸಾಬ. "ಕುದುರಿ ಕಾಲು ನೆಲಕ್ಕ ಹತ್ತವಲ್ವು."

ಸ್ಟೇಶನ್ನು ಮುಟ್ಟುವಷ್ಟರಲ್ಲಿ ಏಕನಾಥನ ಕಣ್ಣಿಗೆ ಕತ್ತಲೆ ಬರುತ್ತಿತ್ತು. ಸುತ್ತಲಿನ ಹಳ್ಳಿಗಳಲ್ಲಿ ಆಗ ಜ್ವರದ ಬೇನೆ. ಗೇಟಿನಲ್ಲಿ ಒಬ್ಬ ಡಾಕ್ಟರರು ನಿಂತು, ಪ್ರವಾಸಿಗಳ ಮುಖ ನೋಡಿ ಒಳಗೆ ಬಿಡುತ್ತಿದ್ದರು. ತೂರಾಡುತ್ತ ಬಂದ ಏಕನಾಥನನ್ನು ಅವರು ತಡೆದರು. ಮುಖ ಕೆಂಡ, ಮೂಗಿನ ತುದಿಯಿಂದ ಬೆವರು ತೊಟ್ಟಿಕ್ಕುತ್ತಿತ್ತು.

"ಥಂಡಿ ಹತ್ತೇದೇನು?" ಎಂದು ಕೇಳಿದರು.

ದೊಡ್ಡವರು ಕೇಳಿದ್ದಕ್ಕೆ ಇಲ್ಲವೆನ್ನುವುದು ಹೇಗೆ? "ಹೂಂ ರಿ," ಎಂದ.

"ಕೈಕಾಲು ನಡಗತಾವ?"

ಬೂಟಿನ ಭಾರಕ್ಕೆ ಕಾಲು ನಡುಗುತ್ತಿದ್ದುದು ಖರೆಯೇ. "ನಡಗತಾವ್ರಿ."

"ಇವರನ್ನ ದವಾಖಾನಿಗೆ ಒಯ್ರಿ," ಎಂದು ಡಾಕ್ಟರರು ಪೇದೆಗೆ ಹೇಳಿದರು. ದೂರದಲ್ಲಿ ಗಾಡಿಯ ಸೀಟಿ ಕೇಳಿಸಿತು. ಲಚ್ಚಿ ಅಪ್ಪನ ಕೋಟಿನ ಚುಂಗು ಹಿಡಿದು ಅಳತೊಡಗಿದಳು. ಏಕನಾಥನಿಗೂ ಅಳು ಬಂತು. ಮಗಳಿಗಾಗಿ ಇಷ್ಟು ದಿನ ಕಾದದ್ದು ತನ್ನ ದಾಕ್ಷಿಣ್ಯದಿಂದ ನೀರಿಗೆ ಹೋಯಿತಲ್ಲ ಎಂದು ತನ್ನನ್ನೇ ಬೈದುಕೊಂಡ.

ತಾರಾಬಾಯಿ ಮುಂದೆ ಬಂದಳು. ಅವಳ ದನಿಯಲ್ಲಿ ಗಾಬರಿ ಇರಲಿಲ್ಲ.

"ಡಾಕ್ಟರ ಸಾಹೇಬ್ರ, ಒಂದೀಟು ತಡೀರಿ. ಇವರಿಗೆ ಜ್ವರ ಬಂದಿಲ್ಲ. ನಮ್ಮ ಓಣ್ಯಾಗಿನ ಮಂದಿ ಮೈಮ್ಯಾಲ ಬಂದಾರ."

ಅವಳು ಉಳ್ಳಾಗಡ್ಡಿ ಸುಲಿದಂತೆ ಗಂಡನನ್ನು ಸುಲಿಯತೊಡಗಿದಳು. ಓವರಕೋಟು ಬಂತು, ಮಫ್ಲರುಗಳು ಬಂದವು, ಟೊಪ್ಪಿಗೆ, ಸ್ವೆಟರು, ಬೂಟು, ಕಾಲುಚೀಲ. ಒಂದೊಂದನ್ನೂ ಮಡಚಿ, ಟ್ರಂಕು ಹೊತ್ತು ಹಿಂದೆ ಬಂದಿದ್ದ ಮಕಬೂಲಸಾಬನ ಕೈಗೆ ಕೊಟ್ಟು, ಯಾವುದು ಯಾರ ಮನೆಗೆಂದು ಹೇಳಿದಳು. ಟ್ರಂಕಿನಿಂದ ಗಂಡನ ಹಳೆಯ ಚಪ್ಪಲಿ ತೆಗೆದಿಟ್ಟಳು. ಹಸಿ ಪಂಜೆಯಿಂದ ಅವನ ಮುಖ ಒರೆಸಿದಳು. ಒಳಗಿನಿಂದ ಐದಡಿಯ ಸಾದಾ ಏಕನಾಥ ಹೊರಬಿದ್ದ. ಡಾಕ್ಟರರು ಅವನ ಬಾಯಲ್ಲಿ ಥರ್ಮಾಮೀಟರು ಇಟ್ಟು ತೆಗೆದರು. ಜ್ವರ ಇರಲಿಲ್ಲ.

ಡಾಕ್ಟರರ ಲಕ್ಷ್ಯ ಈಗ ಮಕ್ಕಳ ಕಡೆಗೆ ಹೊರಳಿತು. ಧಗೆಯೆಂದು ಇಬ್ಬರೂ ತೆಳು ಅಂಗಿಯಲ್ಲೇ ಇದ್ದರು, ಮಡಚಿದ ಬಂಡಿಗಳು ಅವರವರ ಬಗಲಲ್ಲಿದ್ದವು. ಡಾಕ್ಟರರು ಅಸ್ತರು ಮುಟ್ಟಿ ನೋಡಿದರು. ಚಪ್ಪಲಿಯ ಪಟ್ಟಿ ನೋಡಿದರು.

"ಇದನ್ನೆಲ್ಲಾ ಯಾರು ಹೊಲದಾರ?"

"ನಾನ ರಿ. ಮಹಾಬಳೇಶ್ವರದ ಥಂಡಿಗಂತ."

"ನಿಮ್ಮಂಥಾ ಶಾಣ್ಯಾ ಬಾಯಿ ನಾ ನೋಡಿಲ್ಲ ನೋಡ್ರಿ," ಎಂದರು ಡಾಕ್ಟರರು ಮನಸಾರೆ. "ನಮ್ಮ ಮನಿಯವರೂ ಮಕ್ಕಳನ್ನ ಕರಕೊಂಡು ಇದ ಗಾಡೀಲೆ ಮಹಾಬಳೇಶ್ವರಕ್ಕ ಹೊಂಟಾರ. ಅಲ್ಲಿ ನೋಡ್ರಿ."

ಪ್ಲಾಟ್‌ಫಾರ್ಮಿನ ಮೇಲೆ ಮಖಮಲ್ಲಿನ ಕೋಟು ತೊಟ್ಟ ಮೂರು ಮಕ್ಕಳು ಬೆವತು ಚೀರುತ್ತಿದ್ದರು. ಪಕ್ಕದಲ್ಲಿ ಟ್ರಂಕುಗಳ ಗುಡ್ಡ. ಡಾಕ್ಟರರ ಹೆಂಡತಿ ಸೋತ ಮುಖದಿಂದ ಒಂದರ ಮೇಲೆ ಕೂತಿದ್ದಳು. ತಾರಾಬಾಯಿ ಕೇಳದೆಯೇ ಹೋಗಿ ಆ ಮಕ್ಕಳ ಗುಂಡಿ ಬಿಚ್ಚಿದಳು. ಚೀರಾಟ ನಿಂತಿತು. ಅಷ್ಟರಲ್ಲಿ ಗಾಡಿಯೂ ಬಂದು ನಿಂತಿತು.

"ಬಾಯಾರ, ನೀವು ಮಕ್ಕಳನ್ನ ಕರಕೊಂಡು ನಮ್ಮವರ ಜೋಡಿ ಸೆಕೆಂಡ್ ಕ್ಲಾಸಿನ್ಯಾಗ ಬರ್ರಿ. ಟಿಕೀಟು ನಾ ಮಾಡಸತೇನಿ. ದಾರ್ಯಾಗ ಅಕೀಗೆ ಒಂದೀಟು ಕಲಸ್ರಿ," ಎಂದರು ಡಾಕ್ಟರರು. ಲಚ್ಚಿ ಹಿಗ್ಗಿ ಮೆತ್ತನೆಯ ಸೀಟಿನ ಕಡೆಗೆ ಓಡಿದಳು. ಏಕನಾಥ ಹೆಮ್ಮೆಯಿಂದ ಹೆಂಡತಿಯನ್ನೇ ನೋಡುತ್ತ ನಿಂತ. ಇಷ್ಟು ಚಂದದ ಬಾಳುವೆ ತನಗೆ ಹೇಗೆ ಒಲಿಯಿತೋ ಎಂದು ಅವನಿಗೆ ಅಚ್ಚರಿಯಾಯಿತು.

"ಇನ್ನ ಈ ಸಾಮಾನು," ಎಂದರು ಡಾಕ್ಟರರು ಅವನ ಹೆಗಲ ಮೇಲೆ ಕೈಯಿಟ್ಟು. "ಅಲ್ಲಿ ಹಿಡಸೂದಿಲ್ಲ. ನಿಮ್ಮ ಥರ್ಡ್ ಕ್ಲಾಸಿನ್ಯಾಗ ಇಟಗೊಂಡು ಲಕ್ಷ್ಯ ಇಡತೀರೇನ್ರಿ?"

"ಇಡತೇನ್ರಿ."

ಟ್ರಂಕುಗಳು ಥರ್ಡ್ ಕ್ಲಾಸಿನ ಡಬ್ಬಿಯೊಳಗೆ ಹೋದವು, ಹಿಂದೆಯೇ ಏಕನಾಥನೂ ಹತ್ತಿ ಕಿಟಕಿಯ ಹತ್ತಿರ ಕೂತ. ಒಂದರ ಮುಚ್ಚಳ ಮಾತ್ರ ಹಾಕಲಾಗಲಿಲ್ಲ. ಡಾಕ್ಟರರು ಕಿಟಕಿಯ ಒಳಗೆ ಕೈಚಾಚಿ, ಅದರಿಂದ ಕರಿಯ ಉಣ್ಣೆಯ ತಮ್ಮ ಕೋಟೊಂದನ್ನು ಎತ್ತಿ, ಪ್ರೀತಿಯಿಂದ ಏಕನಾಥನಿಗೆ ತೊಡಿಸಿದರು. ಮಕ್ಕಳ ಮಖಮಲ್ಲಿನ ಕೋಟುಗಳನ್ನು ಅವನ ತೊಡೆಯ ಮೇಲೆ ಹೇರಿದರು. ಗಾಡಿ ಅಲುಗಿದಾಗ ಅವನ ಹಣೆ ಮುಟ್ಟಿ ನೋಡಿದರು.

"ಬೆವರಿನ ಮೈ ಅದ, ಗಾಳಿ ಬಡದೀತು. ಊರು ಮುಟ್ಟೂತನಕಾ ಕೋಟು ತಗೀಬ್ಯಾಡ್ರಿ. ಇದು ಡಾಕ್ಟರನ ಮಾತು."

"ಹೂಂ ರಿ," ಎಂದ ಏಕನಾಥ, ಕೊರಳಿನ ಗುಂಡಿ ಹಾಕಿಕೊಳ್ಳುತ್ತ.