ನೆಟ್ಟಗೆ ನಿಲ್ಲದ ಅಕೇಶಿಯಾ

ಗಲ್… ಗಲಗಲ… ಗಲ್.

ಒಣಗಿದ ಕಾಯಿಯೊಳಗೆ ಬೀಜ ಕುಲುಕುವ ಸದ್ದು ಅದು. ನಮ್ಮ ಕಾನ್ವೆಂಟಿನ ಹಿಂದಿನ ಗೇಟಿನ ಬಳಿ ಒಂದು ಮುಳ್ಳಿನ ಮರವಿತ್ತು. ಹಳದಿ ಪೌಡರ್ ಪಫ್‌ನಂಥ ಹೂವು, ಮಣಿಸರದಂಥ ಕಾಯಿ. ನಾನೂ ನನ್ನ ಗೆಳತಿ ಖುರ್ಷಿದಳೂ ಆ ಕಾಯಿಗಳನ್ನು ತಲೆಯ ರಿಬ್ಬನ್ನಿನಿಂದಲೇ ಕಾಲಿಗೆ ಕಟ್ಟಿಕೊಂಡು ಕಾರಿಡಾರಿನಲ್ಲಿ ಕುಣಿಯುತ್ತಿದ್ದೆವು. “ಗರ್ಲ್ಸ್! ಈಸ್ ದಿಸ್ ಎ ಸ್ಕೂಲ್ ಆರ್ ಎ ಸರ್ಕಸ್?” ಎಂದು ಸಿಸ್ಟರ್ ಗದರುವವರೆಗೆ.

ನಮ್ಮಿಬ್ಬರಿಗೂ ಎಪ್ಪತ್ತು ದಾಟಿದ ಮೇಲಿನ ಮಾತು ಇದು. ಖುರ್ಷಿದಳ ಕಣ್ಣು ವರ್ಷದಿಂದ ವರ್ಷಕ್ಕೆ ಮಂಜಾಗುತ್ತಿತ್ತು. ಫ್ರೇಜರ್ ಟೌನಿನ ಮನೆ ಬಿಟ್ಟು, ವೆಲ್ಲೂರಿನ ತಂಗಿಯ ಜೊತೆ ಇದ್ದುಬಿಡುವುದೆಂದು ಅವಳು ನಿಶ್ಚಯಿಸಿದ್ದಳು. ಒಂದು ದಿನ ಇಂದಿರಾನಗರದ ನಮ್ಮ ಮನೆಯಲ್ಲಿ ಚಹಾ ಕುಡಿಯುತ್ತಾ ಹೇಳಿದಳು.

“ನೋಡೋದೆಲ್ಲಾ ನೋಡಾಯ್ತು ಸರೋ. ಹೋಗೋಕ್ ಮುಂಚೆ ನಮ್ಮ ಗೆಜ್ಜೆ ಮರದ ಸದ್ದು ಒಂದ್ಸಲ ಕೇಳ್ಬೇಕು ಅಂತ ಆಸೆ. ಸ್ಕೂಲಲ್ಲಿ ಆ ಮರಾನೂ ಕಡಿದ್ಬಿಟ್ರಂತೆ.”

“ಡೋಂಟ್ ವರಿ! ನಾನ್ ಬೆಳೆಸ್ತೀನಿ. ಅದರ ಕಾಯಿ ಕುಲುಕದೆ ನೀನು ವೆಲ್ಲೂರಿಗೆ ಹೋಗೋ ಹಾಗೇ ಇಲ್ಲ!”

ಪಾಪ, ಅವಳು ನಂಬಿದಳು. ಪ್ರಯಾಣವನ್ನೂ ಮುಂದಕ್ಕೆ ಹಾಕಿದಳು. ನಂಬದೆ ಏನು ಮಾಡಿಯಾಳು? ನಾನು ಬಾಟನಿಯಲ್ಲಿ ಫಸ್ಟ್ ಕ್ಲಾಸ್.

ನನ್ನ ಯಜಮಾನರು ಪೇಪರಿನಿಂದ ತಲೆ ಎತ್ತಿದರು. “ಅದು ಜಾಲಿ ಮರ ಕಣೇ. ಕೆ.ಆರ್. ಪುರ ದಾಟಿದ್ರೆ ಕೆರೆ ಏರಿ ಮೇಲೆ ಬೇಕಾದಷ್ಟಿದೆ. ಒಂದು ಹಿಡಿ ಕಾಯಿ ತಂದ್ಕೊಟ್ರೆ ಮುಗೀತು.”

“ಅದು ಜಾಲಿ ರೀ. ನಾನು ಹೇಳ್ತಿರೋದು ಅಕೇಶಿಯಾ!”

ಪದವೀಧರೆಯೊಬ್ಬಳ ಘನ ಅಭಿಪ್ರಾಯದ ಮುಂದೆ ಕಾರ್ಖಾನೆಯ ನಿವೃತ್ತ ಫೋರ್‌ಮನ್ ಏನು ವಾದಿಸಿಯಾರು? ಪೇಪರಿನೊಳಗೆ ಮತ್ತೆ ಮುಳುಗಿದರು.

ಮರುದಿನವೇ ಹಳೇ ಮದ್ರಾಸು ರಸ್ತೆಯ ನರ್ಸರಿಗೆ ಹೋದೆ.

“ಅಕೇಶಿಯಾ ಇದೆಯಾ?”

“ಅದ್ರಲ್ಲಿ ಬೇಜಾನ್ ಥರ ಇದೆ ಮೇಡಂ. ಕನ್ನಡದಲ್ಲಿ ಏನಂತಾರೆ ಹೇಳಿ.”

“ಕನ್ನಡದಲ್ಲೂ ಅಕೇಶಿಯಾನೇ!”

ಅವನು ನನ್ನ ಮುಖ ನೋಡಿದ. ಮತ್ತೇನೂ ಕೇಳದೆ ಒಂದು ಕುಂಡ ತಂದಿಟ್ಟ. ಗರಿಯಂಥ ಎಲೆ, ಪುಟ್ಟ ಮುಳ್ಳು. ಪರ್ಫೆಕ್ಟ್! ಗುರುತಿಸಲು ನನಗೆ ಅರೆಗಳಿಗೆಯೂ ಬೇಕಾಗಲಿಲ್ಲ.

ಕಾಂಪೌಂಡಿನ ಪಕ್ಕ ವಿಧ್ಯುಕ್ತವಾಗಿ ನೆಟ್ಟೆ. ಸಸಿ ಚೆನ್ನಾಗಿಯೇ ಬೆಳೆಯಿತು. ಆದರೆ ನಿಲ್ಲಲಿಲ್ಲ! ಎಲ್ಲಿ ಗೋಡೆಯೋ, ಎಲ್ಲಿ ಕಂಬಿಯೋ ಅಲ್ಲಿಗೆ ಒರಗುತ್ತಿತ್ತು. ಕಾನ್ವೆಂಟಿನಲ್ಲಿ ನಮ್ಮ ಬೆನ್ನಿಗೆ ಸ್ಕೇಲ್ ಇಟ್ಟು ನಿಲ್ಲಿಸುತ್ತಿದ್ದ ಸಿಸ್ಟರನ್ನು ಸ್ಮರಿಸಿ, ಗಿಡಕ್ಕೊಂದು ಬಿದಿರು ಕೋಲು ಕೊಟ್ಟು, ಯಜಮಾನರ ಹಳೆಯ ಟೈಗಳಿಂದ ಬಿಗಿದೆ. ದಿನಾ ಬೆಳಿಗ್ಗೆ ಎದುರು ನಿಂತು “ಸ್ಟ್ಯಾಂಡ್ ಸ್ಟ್ರೇಟ್!” ಎಂದು ಗದರುತ್ತಿದ್ದೆ. ದಾರಿಯಲ್ಲಿ ಹೋಗುವವರು ಯಜಮಾನರಿಗೆ ಹೇಳುತ್ತಿದ್ದೇನೆಂದು ತಿಳಿದು ಮರುಗುತ್ತಿದ್ದರಂತೆ.

ಯಜಮಾನರು ಒಂದು ದಿನ ಕನ್ನಡಕ ಏರಿಸಿ ಪರೀಕ್ಷಿಸಿದರು. “ಮುಳ್ಳೆಲ್ಲಾ ಕೊಕ್ಕೆ ಥರ ಇದೆಯಲ್ಲೇ. ಜಾಲಿ ಮುಳ್ಳು ಸೂಜಿ ಥರ ನೇರ ಇರುತ್ತೆ.”

“ಎಳೇ ಮುಳ್ಳು ರೀ. ವಯಸ್ಸಾದ್ಮೇಲೆ ನೇರ ಆಗುತ್ತೆ.”

“ನಿನ್ನ ವಿಷಯದಲ್ಲಿ ಹಾಗಾಗ್ಲಿಲ್ಲ.”

ಅಂದು ಅವರಿಗೆ ಕಾಫಿ ಸಿಗಲಿಲ್ಲ.

ಮುಂದಿನ ಮಳೆಗಾಲಕ್ಕೆ ಅದು ಟೈಗಳನ್ನು ಹರಿದು, ಗೋಡೆ ಹಾರಿ, ಪಕ್ಕದ ಮನೆಯ ಸ್ಟೆಲ್ಲಾಳ ಬಟ್ಟೆ ಒಣಗಿಸುವ ಹಗ್ಗವನ್ನು ಹಿಡಿಯಿತು.

“ಆಂಟೀ! ನಿಮ್ಮ ಮರ ನನ್ನ ನೈಟಿ ಬಿಡ್ತಾನೇ ಇಲ್ಲ! ಅಯ್ಯೋ, ಈಗ ತೋಳೂ ಹೋಯ್ತು!”

“ಸಾರಿ ಮಾ. ಇದು ಅಪರೂಪದ ಅಕೇಶಿಯಾ. ಸ್ವಲ್ಪ ಅಡ್ಜಸ್ಟ್ ಮಾಡ್ಕೋ.”

“ನಾನ್ ಅಡ್ಜಸ್ಟ್ ಮಾಡ್ಕೋತೀನಿ. ನೈಟಿ ಹೆಂಗ್ ಮಾಡ್ಕೊಳುತ್ತೆ?”

ಕೊನೆಗೂ ಹೂವು ಬಿಟ್ಟಿತು. ಪೌಡರ್ ಪಫ್ಫೇ! ಆದರೆ ಹಳದಿಯಲ್ಲ, ಹಾಲಿನ ಕೆನೆಯ ಬಣ್ಣ. “ಪೊಲ್ಯೂಷನ್,” ಎಂದು ತೀರ್ಪು ಕೊಟ್ಟೆ. ಹೂವು ಹೋಗಿ ಕಾಯಿ ಕಟ್ಟಿತು, ಕೆಂಪಾಯಿತು, ಒಣಗಿ ಸುಕ್ಕಾಯಿತು. ಮಣಿಸರದ ಹಾಗೆ ಕಾಣಲಿಲ್ಲ. ನಾನೂ ಹುಡುಗಿಯಾಗಿದ್ದಾಗಿನ ಹಾಗೆ ಕಾಣುತ್ತಿರಲಿಲ್ಲ. ಅಷ್ಟಕ್ಕೆ ಸಂಶಯ ಪಡುವುದೇ?

ಖುರ್ಷಿದಳಿಗೆ ಫೋನ್ ಮಾಡಿದೆ. ವೆಲ್ಲೂರಿಗೆ ಹೊರಡುವ ದಿನ, ಸ್ಟೇಷನ್ನಿಗೆ ಹೋಗುವ ದಾರಿಯಲ್ಲೇ ಆಟೋ ನಿಲ್ಲಿಸಿಕೊಂಡು ಬಂದಳು. ಅವಳನ್ನು ಗಿಡದ ಪಕ್ಕದಲ್ಲೇ ಕುರ್ಚಿಯಲ್ಲಿ ಕೂರಿಸಿ, ನಾನು ಗಿಡದೊಳಗೆ ನುಗ್ಗಿ, ಒಂದು ಗೊಂಚಲು ಕಿತ್ತು ಅಲ್ಲಿಂದಲೇ ಅವಳ ಕೈಗಿಟ್ಟೆ.

“ಹ್ಞೂಂ, ಕುಲುಕು!”

ಕುಲುಕಿದಳು. ಟಕ್ ಟಕ್ ಎಂದಿತು, ಅಷ್ಟೆ. ಮೂಗಿನ ಹತ್ತಿರ ಹಿಡಿದಳು. ಸೀನಿದಳು. ಮತ್ತೊಮ್ಮೆ ಸೀನಿದಳು.

“ಅರೇ ಸರೋ, ಇದ್ಯಾಕೆ ನಮ್ಮ ಅಮ್ಮಿ ಬಚ್ಚಲುಮನೆ ವಾಸನೆ?”

ಅವಳು ಮತ್ತೊಮ್ಮೆ ಮೂಸಿದಳು.

“ಪಗ್ಲೀ! ಇದು ಸೀಗೇಕಾಯಿ!”

“ಇಂಪಾಸಿಬಲ್! ಇದು ಅಕೇಶಿಯಾ…” ಎನ್ನುತ್ತಿದ್ದಂತೆಯೇ ನನ್ನ ಬಾಟನಿ ಪುಸ್ತಕದ ಒಂದು ಪುಟ ಕಣ್ಣ ಮುಂದೆ ತೆರೆದುಕೊಂಡಿತು. ಜಾಲಿಯ ಹಾಗೆ ಸೀಗೆಯೂ ಅಕೇಶಿಯಾ ಬಳಗದ್ದೇ. ಹತ್ತುವ ಪೊದೆ. ಕೊಕ್ಕೆ ಮುಳ್ಳು. ಪರೀಕ್ಷೆಯಲ್ಲಿ ನಾನೇ ಬರೆದು ಫುಲ್ ಮಾರ್ಕ್ಸ್ ತೆಗೆದಿದ್ದೆ! ನರ್ಸರಿಯವನು ಕೇಳಿದ್ದನ್ನೇ ಕೊಟ್ಟಿದ್ದ.

ನಾಚಿಕೆಯಿಂದ ಓಡಿಹೋಗೋಣವೆಂದು ತಿರುಗಿದೆ. ಆಗಲಿಲ್ಲ. ನನ್ನ ತುರುಬು ಸೀಗೆಯ ಕೊಕ್ಕೆಗೆ ಸಿಕ್ಕಿತ್ತು. ಎಳೆದಷ್ಟೂ ಒಳಗೆ.

ಯಜಮಾನರು ಕತ್ತರಿ ತಂದರು. “ಗಿಡಾನಾ, ಕೂದಲಾ? ಯಾವುದನ್ನ ಕತ್ತರಿಸ್ಲಿ?” ಗೋಡೆಯಾಚೆಯಿಂದ ಸ್ಟೆಲ್ಲಾ ಕೂಗಿದಳು. “ಗಿಡ ಅಂಕಲ್! ಬುಡಕ್ಕೇ ಹಾಕಿ!”

ಆಟೋದವನು ಹಾರನ್ ಹೊಡೆದ. ನಕ್ಕು ನಕ್ಕು ಕಣ್ಣೊರೆಸಿಕೊಂಡ ಖುರ್ಷಿದ್, ಯಜಮಾನರಿಂದ ಒಂದು ಖಾಲಿ ಬಿಸ್ಕೆಟ್ ಡಬ್ಬಿ ಕೇಳಿ, ಕಾಯಿಗಳನ್ನೆಲ್ಲ ಅದಕ್ಕೆ ತುಂಬಿಕೊಂಡಳು. ತಡವರಿಸುತ್ತಾ ಬಂದು ನನ್ನ ಕೆನ್ನೆ ಹುಡುಕಿ ಮುತ್ತಿಟ್ಟಳು.

“ಹೋಗ್ಬರ್ತೀನಿ ಕಣೇ. ಸ್ಟ್ಯಾಂಡ್ ಸ್ಟ್ರೇಟ್, ಆಯ್ತಾ?”

ಆಟೋ ಹೊರಟಿತು. ತಿರುವಿನಲ್ಲಿ ಅವಳ ಕೈ ಹೊರಗೆ ಬಂತು, ಕೈಯಲ್ಲಿ ಡಬ್ಬಿ. ಜೋರಾಗಿ ಕುಲುಕಿದಳು. ಗಲಗಲ ಗಲ್! ಥೇಟ್ ಅದೇ ಸದ್ದು.

ನಾನು ಅವಳನ್ನು ಕಂಡದ್ದು ಅದೇ ಕೊನೆಯ ಸಲ. ಗೇಟಿನವರೆಗೆ ಓಡಿ ಕೈಬೀಸಬೇಕೆಂದಿದ್ದೆ. ಆದರೆ ಬಾಟನಿ ಫಸ್ಟ್ ಕ್ಲಾಸಿನ ಜುಟ್ಟು ಅಕೇಶಿಯಾದ ಕೈಯಲ್ಲಿತ್ತು.