ಶಹಾಬುದ್ದೀನರ ಕೌದಿ ಮನೆ

“ಇದಕ್ಕ ಬಾಗಲಾ ಎಲ್ಲದ?”

ಗುರುಲಿಂಗಯ್ಯ ಮಾಸ್ತರರು ಕೇಳಿದ್ದು ಯಾರನ್ನೂ ಅಲ್ಲ. ಶಹಾಬಾದಿನ ಆ ಓಣಿಯಲ್ಲಿ ಐತವಾರದ ಬೆಳಗಿನ ಹೊತ್ತು ಒಂದು ಆಡು ಬಿಟ್ಟರೆ ಬೇರೆ ಜೀವ ಇರಲಿಲ್ಲ. ಆಡಿಗೂ ಉತ್ತರ ಗೊತ್ತಿದ್ದಂತೆ ಕಾಣಲಿಲ್ಲ.

ಎದುರಿಗಿದ್ದ ಮನೆ ಅಂಥದ್ದು. ಒಂದು ಮೆಟ್ಟಿಲ ಸಾಲು ಮೇಲೆ ಹತ್ತಿ ಬರೀ ಗೋಡೆಗೆ ಹಣೆ ಹಚ್ಚಿ ನಿಂತಿತ್ತು. ಒಂದು ಕೋಣೆಯ ಮಾಳಿಗೆ ಪಕ್ಕದ ಕೋಣೆಯ ಸೊಂಟಕ್ಕೆ ಬಂದಿತ್ತು. ಇಡೀ ಮನೆಯನ್ನು ಕಟ್ಟಿದ್ದು ಪಾಲಿಶ್ ಕಾರ್ಖಾನೆಗಳಲ್ಲಿ ಒಡೆದು ಉಳಿದ ಕಲ್ಲಿನ ಚೂರುಗಳಿಂದ. ನೀಲಿ, ಬೂದಿ, ಹಳದಿ, ಕಪ್ಪು, ಒಂದರಂತೆ ಇನ್ನೊಂದಿಲ್ಲ. ಮುದುಕಿಯೊಬ್ಬಳು ಹಳೆ ಸೀರೆಗಳ ಕೌದಿ ಹೊದ್ದು ಬಿಸಿಲು ಕಾಯಿಸುತ್ತ ಕುಂತಂತೆ ಕಾಣುತ್ತಿತ್ತು.

ಮಾಸ್ತರರು ಚಿತ್ತಾಪುರದ ಶಾಲೆಯೊಂದರಲ್ಲಿ ಚಿತ್ರಕಲೆ ಕಲಿಸುವವರು. ಕಲಬುರಗಿ ಸುತ್ತಲಿನ ವಿಚಿತ್ರ ಕಟ್ಟಡಗಳನ್ನು ಹುಡುಕಿ ಫೋಟೋ ತೆಗೆಯುವುದು ಅವರ ಹುಚ್ಚು. ವಾಡಿಯಲ್ಲಿ ರೈಲು ಡಬ್ಬಿಯಂಥ ಮನೆ ಹುಡುಕಿದ್ದರು, ಸೇಡಂ ಹಾದಿಯಲ್ಲಿ ತಾಮ್ರದ ಕೊಡದಂಥ ನೀರಿನ ಟಾಕಿ. ಕಲಬುರಗಿಯ ಫೋಟೋ ಪ್ರದರ್ಶನಕ್ಕೆ ಎರಡನ್ನೂ ಕಳಿಸಿದ್ದರು. ಎರಡೂ ತಿರುಗಿ ಬಂದಿದ್ದವು. ಡಬ್ಬಿಗೆ ಎಮ್ಮೆ ಅಡ್ಡ ಬಂದಿತ್ತು, ಟಾಕಿಗೆ ಯಾರದೋ ಹುಟ್ಟುಹಬ್ಬದ ಬ್ಯಾನರು.

ಈ ಸಲ ಪ್ರದರ್ಶನ ನಡೆಸುವ ಜಗದೇವಪ್ಪನವರೇ ಕನಿಕರಪಟ್ಟಿದ್ದರು. “ಗ್ವಾಡಿ ಮ್ಯಾಲ ಒಂದ ಜಾಗಾ ನಿಮಗಂತ ಹಿಡದಿಟ್ಟೀನ್ರಿ. ಐತಾರ ಹೊತ್ತು ಮುಳುಗೂದ್ರೊಳಗ ಒಂದು ಬೆರಗಿನ ಮನಿ ಕಳಸ್ರಿ. ಇಲ್ಲಾಂದ್ರ ಬ್ಯಾರೇದವರಿಗೆ ಕೊಡ್ತೀನಿ.” ಅಷ್ಟು ಕೇಳಿದ್ದೇ ತಡ, ಮಾಸ್ತರರ ಹೆಂಡತಿ ಸೂಗಮ್ಮ ಪ್ರದರ್ಶನಕ್ಕೆ ಉಡುವ ಸೀರೆ ಇಸ್ತ್ರಿ ಮಾಡಿಸಿ, ತವರಿನವರಿಗೆಲ್ಲ ಫೋನು ಹಚ್ಚಿದ್ದಳು. ಈಗ ಫೋಟೋ ಹೋಗದಿದ್ದರೆ ಆ ಸೀರೆಗೆ ಏನು ಹೇಳಬೇಕು ಎಂಬುದೇ ಮಾಸ್ತರರ ಚಿಂತೆ.

ಈ ಮನೆ ಅವರ ಕಣ್ಣಿಗೆ ಬಿದ್ದದ್ದು ಓಡುವ ರೈಲಿನ ಕಿಟಕಿಯಿಂದ. ಇಂದು ಎದುರಿಗೇ ನಿಂತಿದ್ದರು, ಕ್ಯಾಮೆರಾ ಕೊರಳಲ್ಲಿತ್ತು. ಆದರೆ ಕೇಳದೆ ಮಂದಿಯ ಮನೆ ಫೋಟೋ ತೆಗೆಯುವುದು ಅವರ ಜಾಯಮಾನವಲ್ಲ. ಮನೆಯೆಂದರೆ ಮನುಷ್ಯರ ಮುಖವಿದ್ದಂತೆ ಎಂದು ನಂಬಿದವರು.

“ಮೆಟ್ಟಿಲಾ ಹತ್ತಬ್ಯಾಡ್ರಿ, ಅದು ಎಲ್ಲೀಗೂ ಹೋಗಂಗಿಲ್ಲ.”

ಮೆಟ್ಟಿಲ ಕೆಳಗಿನ ಕತ್ತಲಿಂದ ಒಬ್ಬ ಹಿರಿಯ ಹೆಂಗಸು ಹೊರಬಂದಳು. ಬಾಗಿಲು ಅಲ್ಲಿತ್ತು. ಬಂದವಳು ಮನೆಯೊಡತಿ ಜೈತುನ್‌ಬೀ. ಮಾಸ್ತರರು ಕೈ ಮುಗಿದು ಬಂದ ಕಾರಣ ಹೇಳಿದರು.

“ಇದರ ಫೋಟೋ? ಕಲಬುರಗ್ಯಾಗ ಹಾಕ್ತೀರಿ? ಮಂದಿ ನೋಡ್ತಾರ?”

“ಭಾಳ ಮಂದಿ ನೋಡ್ತಾರ್ರಿ ಅಕ್ಕಾವ್ರ.”

ಜೈತುನ್‌ಬೀ ಒಮ್ಮೆ ಮನೆಯನ್ನು ನೋಡಿದಳು, ಒಮ್ಮೆ ಮಾಸ್ತರರನ್ನು. “ಒಳಗ ಬರ್ರಿ. ಮದ್ಲ ಚಾ ಕುಡೀರಿ.”

“ಮದ್ಲ ಒಂದು ಫೋಟೋ ಹಿಡದು…” ಎಂದು ಮಾಸ್ತರರು ಕ್ಯಾಮೆರಾ ಎತ್ತಿದರೆ, ಆಕೆ ಸೆರಗು ಅಡ್ಡ ಹಿಡಿದಳು. “ಮುಖಾ ತೊಳೀಲಾರದ ಹೆಣ್ಣಿನ ಫೋಟೋ ಹಿಡೀತಾರೇನ್ರಿ? ಕುಂದ್ರಿ.”

ಒಳಗೆ ಹೊರಸಿನ ಮೇಲೆ ಆಕೆಯ ಗಂಡ ಶಹಾಬುದ್ದೀನರು ಕುಂತಿದ್ದರು. ಜೀವಮಾನವಿಡೀ ಕಲ್ಲಿಗೆ ಪಾಲಿಶ್ ಹೊಡೆದು, ಸಂಜೆಗೊಂದು ಚೂರು ಹೊತ್ತು ತಂದು ಮನೆ ಕಟ್ಟಿದವರು. ಮಾತು ಕಡಿಮೆ. ಎದೆಯ ಮೇಲೆ ಕೈಯಿಟ್ಟು ಸಲಾಂ ಮಾಡಿದರು. ಜೈತುನ್‌ಬೀ ಅವರನ್ನು ಒಳಕೋಣೆಗೆ ಕರೆದು ಏನೋ ಪಿಸುಗುಟ್ಟಿದಳು. ಹೊರಬಂದ ಶಹಾಬುದ್ದೀನರ ಮುಖ ಹಸಿ ಕಡ್ಲಿಹಿಟ್ಟು ನುಂಗಿದಂತಾಗಿತ್ತು. ಮಾಸ್ತರರನ್ನು ದೀರ್ಘವಾಗಿ ನೋಡಿ, ನಿಟ್ಟುಸಿರು ಬಿಟ್ಟು, ಮತ್ತೆ ಹೊರಸಿನ ಮೇಲೆ ಕುಂತರು.

“ಮಾಸ್ತರ್ರ,” ಎಂದು ಜೈತುನ್‌ಬೀ ಚಹಾ ಕೊಡುತ್ತ ದನಿ ತಗ್ಗಿಸಿದಳು, “ನಮ್ಮ ಮನಿಯವರದು ಒಂದೇ ಆಸೆ. ಬಣ್ಣಾ ಹಚ್ಚಿದ ಮ್ಯಾಲೇ ಫೋಟೋ ಆಗಬೇಕಂತ.”

ಮಾಸ್ತರರು ಚಹಾ ಕೆಳಗಿಟ್ಟರು. “ಬ್ಯಾಡ್ರಿ ಅಕ್ಕಾವ್ರ. ಬಣ್ಣಾ ಹಚ್ಚಿದ್ರ ಏನ ಉಳೀತದ? ನಾ ಅವರಿಗೇ ಒಂದು ಮಾತು…”

“ಅವರ ಮುಂದ ಬಾಯಿ ಬಿಡಬ್ಯಾಡ್ರಿ. ಭಾಳ ಮನಸಿಗೆ ಹಚ್ಚಿಕೊಳ್ಳೂ ಮನಷ್ಯಾ. ಮೂರು ದಿನಾ ರೊಟ್ಟಿ ಮುಟ್ಟಂಗಿಲ್ಲ.”

ಒಬ್ಬ ಹಿರಿಯರ ರೊಟ್ಟಿ ತಪ್ಪಿಸಿ ಪ್ರದರ್ಶನ ಮಾಡುವುದು ಯಾವ ಧರ್ಮ? ಮಾಸ್ತರರು ಸುಮ್ಮನಾದರು. ಸುಮ್ಮನಾಗುವುದು ಅವರಿಗೆ ಚಿಕ್ಕಂದಿನಿಂದ ರೂಢಿ.

ಜೈತುನ್‌ಬೀಯ ತಮ್ಮ ತಾಹಿರ್ ಪೇಂಟರು. ಅಕ್ಕ ಫೋನಿಟ್ಟಳೋ ಇಲ್ಲವೋ, ಗೋಡೆ ಹಿಂದೆಯೇ ಕಾಯುತ್ತಿದ್ದವನಂತೆ ಪಂಪು, ಪೈಪು, ಏಣಿ ಸಮೇತ ಬಂದಿಳಿದ. ಯಾವುದೋ ಮದುವೆ ಮಂಟಪಕ್ಕೆ ತಂದು ಉಳಿದ ಗುಲಾಬಿ ಬಣ್ಣ ಅವನಲ್ಲಿತ್ತು.

“ಪಂಪಿನಿಂದ ಹೊಡದ್ರ ಮಧ್ಯಾಹ್ನದೊಳಗ ಖತಂ ನೋಡ್ರಿ ಸರ. ನಿಮ್ಮ ಕ್ಯಾಮೆರಾ ನಾಚಿಕೊಳ್ಳಬೇಕು.”

ಮಾಸ್ತರರು ಕೊನೆಯ ಪ್ರಯತ್ನವೆಂದು ಸದ್ದಿಲ್ಲದೆ ಹಿತ್ತಲಿಗೆ ಸರಿದರು. ಅಲ್ಲಿ ಒಂದು ಗೋಡೆಯಾದರೂ ಹಾಗೇ ಇತ್ತು, ಅದರ ಮೇಲೆ ಓರೆ ಬಿಸಿಲು ಬಿದ್ದು ಕಲ್ಲುಗಳೆಲ್ಲ ಪಾರಿವಾಳದ ಕೊರಳಿನಂತೆ ಹೊಳೆಯುತ್ತಿದ್ದವು. ಕ್ಯಾಮೆರಾ ಕಣ್ಣಿಗೆ ಹಿಡಿದರು.

“ಎಲ್ಲಿ ಹೊಂಟ್ರಿ ಮಾಸ್ತರ್ರ? ಅದಿನ್ನಾ ಹಚ್ಚಿಲ್ಲ.” ಪಕ್ಕದ ಮನೆಯ ಹಮೀದಾಬಿ ಮಾಳಿಗೆಯ ಮೇಲೆ ಮೆಣಸಿನಕಾಯಿ ಹರವುತ್ತ ಕಾವಲಿಗೆ ನಿಂತಿದ್ದಳು. “ತಾಹಿರ್, ಹಿಂದಿಂದು ಬಿಟ್ಟಿ ನೋಡೋ. ಮಾಸ್ತರು ಕಾಯಾಕತ್ತಾರ.”

ತಾಹಿರ್ ಪೈಪು ಹಿಡಿದೇ ಓಡಿಬಂದ. ಗೋಡೆಗೆ ಹೊಡೆದ ಮೊದಲ ಹೊಡೆತದಲ್ಲಿ ಅರ್ಧ ಮಾಸ್ತರರಿಗೆ ಬಿತ್ತು. ಬಿಳೀ ಅಂಗಿ, ಎಡಗಿವಿ, ಹಣೆಯ ವಿಭೂತಿ ಎಲ್ಲವೂ ಗುಲಾಬಿ. ಕ್ಯಾಮೆರಾವನ್ನು ಮಾತ್ರ ಹೊಟ್ಟೆಗವಚಿ ಉಳಿಸಿಕೊಂಡರು. ಜೈತುನ್‌ಬೀ ಗಂಡನ ಅಂಗಿ ತಂದುಕೊಟ್ಟಳು. ಅದರ ತೋಳು ಮಾಸ್ತರರ ಬೆರಳ ತುದಿ ದಾಟಿ ಜೋತುಬಿತ್ತು.

ಊಟವಾಯಿತು. ಬಣ್ಣ ಆರಬೇಕೆಂದರು, ಕಾದರು. ಬಾಗಿಲಿಗೆ ತೋರಣವಿಲ್ಲದಿದ್ದರೆ ಹೇಗೆ ಎಂದು ಹಮೀದಾಬಿ ಪ್ಲಾಸ್ಟಿಕ್ ಹೂವಿನ ಮಾಲೆ ತಂದಳು, ಕಾದರು. ಎಲ್ಲಿಗೂ ಹೋಗದ ಮೆಟ್ಟಿಲು ನೋಡಲು ಚಂದವಲ್ಲವೆಂದು ತಾಹಿರ್ ಅದಕ್ಕೆ ಶಾಮಿಯಾನದ ಪರದೆ ಇಳಿಬಿಟ್ಟ. ಮಾಸ್ತರರು ಮನಸ್ಸಿನಲ್ಲೇ ಶಿವನಾಮ ಹೇಳಿಕೊಂಡರು. ಶಹಾಬುದ್ದೀನರು ಎದುರಿಗೆ ತಸಬೀ ಮಣಿ ಎಣಿಸುತ್ತಿದ್ದರು. ಇಬ್ಬರೂ ಒಬ್ಬರನ್ನೊಬ್ಬರು ನೋಡಿ ಸೌಜನ್ಯದಿಂದ ನಕ್ಕು, ಮತ್ತೆ ನೆಲ ನೋಡುತ್ತಿದ್ದರು.

ಹೊತ್ತು ಇಳಿಯುವಾಗ ಮನೆ ಸಿದ್ಧವಾಯಿತು. ಕೌದಿ ಹೊದ್ದ ಮುದುಕಿ ಹೋಗಿ, ಪೌಡರ್ ಬಳಿದುಕೊಂಡ ಬೀಗತಿ ಬಂದು ಕುಂತಿದ್ದಳು. ಮಾಸ್ತರರು ಫೋಟೋ ತೆಗೆದು ಜಗದೇವಪ್ಪನವರಿಗೆ ಕಳಿಸಿದರು. ಸ್ವಲ್ಪ ಹೊತ್ತಿಗೆ ಫೋನು ಬಂತು.

“ಮನಿ ಛಂದ ಅದರಿ ಮಾಸ್ತರ್ರ. ಆದ್ರ ಇಂಥಾವು ನಮ್ಮ ಕಾಲೊನಿ ತುಂಬ ಅವ. ಸುಲೇಪೇಟದವರೊಬ್ಬರು ಬೆಲ್ಲದಚ್ಚಿನಂಥಾ ಕೊಟ್ಟಿಗಿ ಕಳಸ್ಯಾರ. ಆ ಜಾಗಾ ಅವರಿಗೆ ಕೊಟ್ಟೀನಿ. ಬೇಜಾರಾಗಬ್ಯಾಡ್ರಿ.”

ಮಾಸ್ತರರು ಫೋನು ಕಿಸೆಗಿಟ್ಟು ಕಟ್ಟೆಯ ಮೇಲೆ ಕುಂತರು. ಬೇಜಾರಾಗಲಿಕ್ಕೂ ಶಕ್ತಿ ಬೇಕು. ಶಹಾಬುದ್ದೀನರು ಬಂದು ಪಕ್ಕದಲ್ಲಿ ಕುಂತರು. ಇಡೀ ದಿನದಲ್ಲಿ ಮೊದಲ ಸಲ ಅವರೇ ಮಾತು ತೆಗೆದರು.

“ಮಾಸ್ತರ್ರ, ಒಂದು ಕೇಳ್ಲಿ? ಸಿಟ್ಟಾಗಬ್ಯಾಡ್ರಿ. ಇದ್ದಂಗ ತೆಗದಿದ್ರ ಏನಾಗ್ತಿತ್ತು? ಕಲ್ಲಿನ ಬಣ್ಣ ಅಲ್ಲಾ ಕೊಟ್ಟಿದ್ದು, ಅದರ ಮ್ಯಾಲ ನಾ ಹಚ್ಚಂಗಿಲ್ಲ ಅಂತ ಜಿಂದಗಿಪೂರಾ ಹಟಾ ಹಿಡಿದಿದ್ದೆ. ನೀವು ಬಣ್ಣಾ ಹಚ್ಚದೇ ಫೋಟೋ ತೆಗಿಯಂಗಿಲ್ಲ ಅಂದ್ರಂತ. ಮನಿಗೆ ಬಂದ ಮೆಹಮಾನರ ಮಾತು ಮುರೀಬಾರದಂತ ಸುಮ್ಮಕ ಕುಂತೆ.”

ಮಾಸ್ತರರು ನಿಧಾನಕ್ಕೆ ತಿರುಗಿದರು. “ನಾ ಅಂದೆ? ನಿಮ್ಮದೇ ಆಸೆ ಅಂತ ನಾ ಸುಮ್ಮಕ ಕುಂತೆ.”

ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿದರು. ಆಮೇಲೆ ಇಬ್ಬರೂ ಒಟ್ಟಿಗೆ ಜೈತುನ್‌ಬೀಯತ್ತ ನೋಡಿದರು.

ಆಕೆ ತನ್ನ ಗುಲಾಬಿ ಗೋಡೆಯನ್ನು ನೋಡುವುದರಲ್ಲಿ ಮುಳುಗಿದ್ದಳು. ತಿರುಗದೆಯೇ ಅಂದಳು, “ಮದುವಿಯಾಗಿ ಬಂದಾಗಿಂದ ಕೇಳಾಕತ್ತಿದ್ದೆ. ಹೇಣ್ತಿ ಮಾತಿಗೆ ಆಗಲಿಲ್ಲ, ಮೆಹಮಾನರ ಮಾತಿಗೆ ಆಯ್ತು. ಅದಕ್ಕ ನಾ ಏನ ಮಾಡ್ಲಿ?”

ಶಹಾಬುದ್ದೀನರು ತಸಬೀ ಎಣಿಸುವುದನ್ನು ನಿಲ್ಲಿಸಿ, ಮತ್ತೆ ಮೊದಲಿನಿಂದ ಶುರು ಮಾಡಿದರು. ಮಾಸ್ತರರು ಜೋತುಬಿದ್ದ ತೋಳು ಮಡಚಿಕೊಂಡು ಹೊರಡಲು ಎದ್ದರು.

“ಜರಾ ನಿಂದ್ರಿ ಮಾಸ್ತರ್ರ.” ಹಮೀದಾಬಿ ಕಾಂಪೌಂಡಿನ ಕಲ್ಲಿನ ಮೇಲಿಂದ ಬಗ್ಗಿದಳು. ಅವಳ ಹಿಂದೆ ಓಣಿಯ ಇನ್ನಷ್ಟು ಹೆಂಗಸರು ಸೇರಿದ್ದರು. “ಮುಂದಿನ ಐತಾರ ನಮ್ಮನಿ ಮುಂದ ಬಂದು ಒಂದೀಟು ನಿಂದ್ರಿ. ನಮ್ಮವರು ಬಚ್ಚಲಕ್ಕ ಬಾಗಲಾ ಹಚ್ಚವಲ್ರು. ಫೋಟೋ ತೆಗೀಲಿಲ್ಲಂದ್ರೂ ನಡೀತದ, ಕ್ಯಾಮೆರಾ ಕೊರಳಾಗಿದ್ರ ಸಾಕು.”

ಬೆಳಗಿನಿಂದ ಯಾರ ಮಾತನ್ನೂ ಮೀರದ ಗುರುಲಿಂಗಯ್ಯ ಮಾಸ್ತರರು ಕೊರಳಿನಿಂದ ಕ್ಯಾಮೆರಾ ತೆಗೆದು ಚೀಲಕ್ಕೆ ಹಾಕಿದರು, ಚೀಲದ ಬಾಯಿ ಬಿಗಿದರು.

“ಒಲ್ಲೆ,” ಅಂದರು.