ಗುರುತು ಹೇಳಿ, ಸಾಮಾನು ಕೊಂಡುಹೋಗಿ

ಜನ ಬಸ್ಸಿನಲ್ಲಿ ಸಾಮಾನು ಮರೆತು ಇಳಿಯುವಷ್ಟು ಕಾಲ ಇಂಥ ಪ್ರಸಂಗಗಳು ನಡೆಯುತ್ತಲೇ ಇರುತ್ತವೆ. ಎಪ್ಪತ್ತು, ಎಂಬತ್ತರ ದಶಕದಲ್ಲಿ ನಾನು ಮಂಗಳೂರಿನ ಒಂದು ಖಾಸಗಿ ಬಸ್ ಕಂಪನಿಯ ಮ್ಯಾನೇಜರ್. ಬಿಟ್ಟುಹೋದದ್ದೆಲ್ಲ ನನ್ನ ಕಪಾಟಿಗೆ. ಗುರುತು ಹೇಳದೆ ಏನನ್ನೂ ಕೊಡುತ್ತಿರಲಿಲ್ಲ. ಗುರುತು ಎಂದರೆ ಇದರಲ್ಲಿ ಇರಬೇಕು, ಇನ್ನೊಂದರಲ್ಲಿ ಇರಬಾರದು. ಇದಕ್ಕಿಂತ ಸ್ಪಷ್ಟವಾಗಿ ಹೇಳಲು ನನಗೆ ಇಂಗ್ಲಿಷಿನಲ್ಲೂ ಬರುವುದಿಲ್ಲ.

೧. ಕೊಡೆ

ಬಂದರಿನ ಮೆಣಸಿನ ವ್ಯಾಪಾರಿಯೊಬ್ಬರು ಬಂದರು.

"ನನ್ನ ಕೊಡೆ ಉಂಟಾ?"

"ಗುರುತು?"

"ಕಪ್ಪು."

ಕಪಾಟು ತೆರೆದು ತೋರಿಸಿದೆ. ಅಷ್ಟೂ ಕಪ್ಪು.

"ಅದು ಗುರುತಲ್ಲ. ಬೇರೆ ಹೇಳಿ."

"ಸ್ವಲ್ಪ ಸೋರ್ತದೆ."

ಹೊರಗೆ ಮಳೆ ಹೊಡೆಯುತ್ತಿತ್ತು. ಅವರನ್ನು ಅಂಗಳದಲ್ಲಿ ನಿಲ್ಲಿಸಿ ಒಂದೊಂದೇ ಕೊಡೆ ಬಿಡಿಸಿ ಕೊಟ್ಟೆ. ಎಲ್ಲವೂ ಸೋರಿದವು. ಅವರು ತಲೆ ಒರೆಸಿಕೊಂಡು, "ಕಡಿಮೆ ಸೋರಿದ್ದು ನನ್ನದು" ಎಂದರು.

೨. ಕೋಳಿ

ಕೋಳಿ ಅಂಕದಲ್ಲಿ ಕಾದಾಡುವ ಹುಂಜವೊಂದು ಬಸ್ಸಿನಲ್ಲಿ ಚೀಲದೊಳಗೇ ಉಳಿದುಹೋಗಿತ್ತು. ಮೀಸೆ ತಿರುವುತ್ತ ಯಜಮಾನ ಬಂದ.

"ಗುರುತು?"

"ಅದು ಯಾರಿಗೂ ಹೆದರುವ ಜಾತಿಯಲ್ಲ!"

ಚೀಲ ಬಿಚ್ಚಿಸಿದೆ. ಆಫೀಸಿನ ಬೆಕ್ಕು ಆಕಳಿಸಿತು, ಅಷ್ಟೆ. ಹುಂಜ ನನ್ನ ಕುರ್ಚಿಯ ಅಡಿ ಸೇರಿತು. ಯಜಮಾನ ಬಗ್ಗಿ ನೋಡಿ, "ಇದು ನನ್ನದಲ್ಲ" ಎಂದು ಹೊರಟೇಹೋದ.

ಮರುದಿನ ಅವನ ಹೆಂಡತಿ ಬಂದಳು. "ಬೆಕ್ಕು ಕಂಡರೆ ಓಡ್ತದೆ, ಅದೇ ಗುರುತು. ಇವರಿಗೆ ಮರ್ಯಾದೆ ಬೇಕು, ನನಗೆ ಸಾರಿಗೆ ಕೋಳಿ ಬೇಕು. ಕೊಡಿ."

೩. ಸೂಟ್‌ಕೇಸ್

ದುಬೈಯಿಂದ ರಜೆಗೆ ಬಂದ ಬಜಪೆಯ ಯುವಕ ನಮ್ಮ ಬೊಂಬಾಯಿ ಬಸ್ಸಿನಲ್ಲಿ ಸೂಟ್‌ಕೇಸ್ ಬಿಟ್ಟು ಇಳಿದಿದ್ದ. ಮರುದಿನ ಅಮ್ಮ, ಹೆಂಡತಿಯನ್ನು ಕರೆದುಕೊಂಡು ಓಡಿಬಂದ. ಅದರ ಮಾರನೆಯ ದಿನವೇ ತಂಗಿಯ ನಿಶ್ಚಿತಾರ್ಥ. ಸೀರೆ ಎಲ್ಲ ಅದರೊಳಗೆ.

ನನ್ನಲ್ಲಿದ್ದದ್ದು ಎರಡು ಸೂಟ್‌ಕೇಸ್. ಒಂದೇ ಬಣ್ಣ, ಒಂದೇ ನೈಲಾನ್ ಹಗ್ಗ. ಅವನ ಕೀ ಎರಡಕ್ಕೂ ಹೊಂದಿತು.

"ಒಳಗೆ ಎಂತ ಉಂಟು?"

"ಸೀರೆ, ಟಾರ್ಚು, ಸೆಂಟು, ಹಾಲಿನ ಪುಡಿ, ಕಂಬಳಿ."

"ಗಲ್ಫಿನಿಂದ ಬರುವ ಎಲ್ಲ ಸೂಟ್‌ಕೇಸಿನಲ್ಲೂ ಅದೇ ಇರುವುದು. ಗುರುತು ಹೇಳಿ."

ಅವನು ಅಮ್ಮನನ್ನು ನೋಡಿದ, ಹೆಂಡತಿಯನ್ನು ನೋಡಿದ, ಬೆವರಿದ.

"ಹೇಳು ಮಾರಾಯ!" ಅಮ್ಮ ಗದರಿದರು. "ನಾಳೆ ಹುಡುಗನ ಕಡೆಯವರ ಎದುರು ಬರಿಗೈಯಲ್ಲಿ ನಿಲ್ಲುವುದಾ? ನಮ್ಮಲ್ಲಿ ಎಂತ ಮುಚ್ಚುಮರೆ?"

ಅವನು ನನ್ನ ಕಿವಿಗೆ ಬಗ್ಗಿದ. "ಪಿಸುಮಾತು ಆಗುವುದಿಲ್ಲ," ಎಂದೆ. "ಸಾಕ್ಷಿಗಳ ಎದುರು, ಗಟ್ಟಿಯಾಗಿ."

ಕಣ್ಣು ಮುಚ್ಚಿಕೊಂಡು ಹೇಳಿದ: "ಕಂಬಳಿ ಎರಡು ಉಂಟು. ಹುಲಿಯ ಚಿತ್ರದ ದಪ್ಪದ್ದು ಅತ್ತೆಗೆ. ತೆಳ್ಳಗಿನದ್ದು... ಅಮ್ಮನಿಗೆ."

ಹೆಂಡತಿ ಫ್ಯಾನ್ ನೋಡತೊಡಗಿದಳು. ನಾನು ಒಂದನ್ನು ತೆರೆದೆ. ಹುಲಿ ಇತ್ತು. ಅದರ ಅಡಿಯಲ್ಲಿ ಟವೆಲ್‌ಗಿಂತ ತುಸು ದೊಡ್ಡ ಇನ್ನೊಂದು ಕಂಬಳಿಯೂ ಇತ್ತು.

"ಇದು ಸರಿಯಾದ ಗುರುತು. ಕೊಂಡುಹೋಗಿ," ಎಂದೆ.

ಅಮ್ಮ ಸೂಟ್‌ಕೇಸನ್ನು ತಾವೇ ಎತ್ತಿಕೊಂಡರು.

"ಇಷ್ಟು ಸಾಕು ಸ್ವಾಮಿ. ಇವ ಇಲ್ಲೇ ಇರಲಿ. ಅತ್ತೆ ಬಂದು ಕೊಂಡುಹೋಗಲಿ."